ದೇವರಿಗೆ ನಡುಮನೆಯ ಜಾಗ: ಗಡಿನಾಡಿನ ಕ್ರೈಸ್ತ ಕುಟುಂಬಗಳಿಗೆ ಹಂತಹಂತದ ಮಾರ್ಗದರ್ಶಿ

ಕಾಸರಗೋಡಿನ ಬೇಳ, ಕಯ್ಯಾರು, ಮಂಜೇಶ್ವರ, ನಾರಂಪಾಡಿ ಕಡೆಯ ಕ್ರೈಸ್ತ ಮನೆಗಳಲ್ಲಿ ದೇವರಿಗೆ ಜಾಗವಿಲ್ಲ ಎಂದು ಯಾರೂ ಹೇಳಲಾರರು. ಚಾವಡಿಗೆ ಕಾಲಿಟ್ಟರೆ ಎದುರಿಗೇ ಆಲ್ತಾರು (ದೇವರ ಪೀಠ), ಯೇಸುವಿನ ಪವಿತ್ರ ಹೃದಯದ ಪಟ, ಅದರ ಮುಂದೊಂದು ಸಣ್ಣ ಕೆಂಪು ಬಲ್ಬು. ಮಾತೆ ಮರಿಯಳ ಜನ್ಮದಿನವಾದ ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಇಗರ್ಜಿಯಿಂದ (ಚರ್ಚಿನಿಂದ) ಹೊಸ ತೆನೆ ಮನೆಗೆ ಬರುತ್ತದೆ. ಆದಿತ್ಯವಾರದ ಬಲಿಪೂಜೆ ತಪ್ಪುವುದು ಅಪರೂಪ. ಆದರೆ ಮನೆಯ ತೀರ್ಮಾನಗಳನ್ನು ನಡೆಸುವುದು ಯಾವುದು ಎಂದು ಹುಡುಕಿದರೆ ಬೇರೆ ಹೆಸರುಗಳೇ ಸಿಗುತ್ತವೆ: ಅಡಿಕೆ ಧಾರಣೆ, ಗಲ್ಫಿನಿಂದ ಬರುವ ಹಣ, ಮಕ್ಕಳ ಮಾರ್ಕು, ನಾಲ್ಕು ಜನ ಏನೆಂದಾರು ಎಂಬ ಹೆದರಿಕೆ.

ಇದನ್ನು ಪರೀಕ್ಷಿಸಲು ದೊಡ್ಡ ಧ್ಯಾನವೇನೂ ಬೇಡ. ಒಂದೇ ಹೊತ್ತಿಗೆ ಎರಡು ಕೆಲಸ ಬಂದು ನಿಂತಾಗ ಯಾವುದು ಪಕ್ಕಕ್ಕೆ ಸರಿಯುತ್ತದೆ ಎಂದು ನೋಡಿದರೆ ಸಾಕು. ಪ್ರಾರ್ಥನೆಗೂ ಧಾರಾವಾಹಿಗೂ, ಬಲಿಪೂಜೆಗೂ ಅಡಿಕೆ ಮರಕ್ಕೆ ಔಷಧ ಸಿಂಪಡಿಸುವುದಕ್ಕೂ, ಕಾಣಿಕೆಗೂ ಹೊಸ ಗೇಟಿಗೂ ಘರ್ಷಣೆ ಬಂದಾಗ ಪ್ರತಿ ಸಲವೂ ಸರಿಯುವುದು ದೇವರ ಪಾಲೇ ಆದರೆ, ಪಟ ಗೋಡೆಯ ನಡುವೆ ಇದ್ದೂ ದೇವರು ಅಂಚಿನಲ್ಲಿದ್ದಾರೆ. ಕೆಳಗೆ ಹೇಳುವ ಹಂತಗಳು ಇಂಥ ಘರ್ಷಣೆಗಳಿಗೆ ಮೊದಲೇ ತಯಾರಾಗುವ ದಾರಿಗಳು. ವಿವರಗಳು ಹೆಚ್ಚಾಗಿ ಕಥೋಲಿಕರ ರೂಢಿಯವು. ಪ್ರೊಟೆಸ್ಟಂಟ್ ಸಭೆಗಳವರು ಎಲ್ಲಿ ಬದಲಿಸಿಕೊಳ್ಳಬಹುದು ಎಂಬುದನ್ನು ಅಲ್ಲಲ್ಲಿ ಸೇರಿಸಿದ್ದೇವೆ.

ಮೊದಲು ಏಳು ದಿನದ ಲೆಕ್ಕ

ಏನನ್ನೂ ಬದಲಿಸುವ ಮೊದಲು ಒಂದು ವಾರ ಬರೆಯಿರಿ. ಶಾಲೆಯ ಹಳೇ ನೋಟ್‌ಪುಸ್ತಕ ಸಾಕು. ಪುಟಕ್ಕೆ ಮೂರು ಸಾಲು ಗೆರೆ ಹಾಕಿ: ಹೊತ್ತು ಎಲ್ಲಿ ಹೋಯಿತು, ದುಡ್ಡು ಎಲ್ಲಿ ಹೋಯಿತು, ಮನಸ್ಸು ಎಲ್ಲಿತ್ತು. ಮೂರನೆಯದು ಮುಖ್ಯ. ಬೆಳಿಗ್ಗೆ ಕಣ್ಣು ಬಿಟ್ಟಾಗ ಮೊದಲು ಬಂದ ಯೋಚನೆ, ರಾತ್ರಿ ನಿದ್ದೆ ಬಾರದಾಗ ತಲೆಯಲ್ಲಿ ಸುತ್ತಿದ ವಿಷಯ, ದಿನದಲ್ಲಿ ಸಿಟ್ಟು ಬಂದದ್ದು ಯಾವುದಕ್ಕೆ, ಇಷ್ಟನ್ನು ಒಂದೆರಡು ಶಬ್ದದಲ್ಲಿ ಬರೆದರೆ ಆಯಿತು. ನಿಧಿ ಎಲ್ಲಿದೆಯೋ ಹೃದಯವೂ ಅಲ್ಲೇ ಇರುತ್ತದೆ ಎಂದು ಯೇಸು ಹೇಳಿದ್ದು ಮತ್ತಾಯ 6:21ರಲ್ಲಿ. ಹೃದಯ ಎಲ್ಲಿಗೆ ಓಡುತ್ತದೆ ಎಂದು ಬರೆದಿಟ್ಟರೆ ನಿಧಿ ತಾನಾಗಿ ಕಾಣುತ್ತದೆ.

ಇಲ್ಲಿ ಆಗುವ ತಪ್ಪು ಎರಡು. ಬರೆಯುವ ವಾರವೇ ಒಳ್ಳೆಯವರಾಗಿಬಿಡುವುದು ಒಂದು. ಹಾಗೆ ಮಾಡಿದರೆ ಲೆಕ್ಕ ಸುಳ್ಳಾಗುತ್ತದೆ, ಎಂದಿನಂತೆಯೇ ಇರಿ. ಇನ್ನೊಂದು, ಗಂಡ ಹೆಂಡತಿಯ ಲೆಕ್ಕವನ್ನೂ ಹೆಂಡತಿ ಗಂಡನ ಲೆಕ್ಕವನ್ನೂ ಬರೆಯುವುದು. ನಿಮ್ಮದನ್ನು ಮಾತ್ರ ಬರೆಯಿರಿ. ಎಂಟನೆಯ ದಿನ ಓದಿ, ದೇವರ ಪಾಲು ಸರಿದು ಜಾಗ ಬಿಟ್ಟುಕೊಟ್ಟ ಕಡೆಗಳಿಗೆಲ್ಲ ಗುರುತು ಹಾಕಿ. ಎಲ್ಲವನ್ನೂ ಒಟ್ಟಿಗೆ ಸರಿಮಾಡಲು ಹೋಗಬೇಡಿ. ಅತಿ ಹೆಚ್ಚು ಸಲ ಗುರುತು ಬಿದ್ದ ಒಂದನ್ನು ಆರಿಸಿ. ಹೆಚ್ಚಿನ ಮನೆಗಳಲ್ಲಿ ಅದು ಸಂಜೆಯ ಹೊತ್ತು.

ಸಂಜೆಯ ಪ್ರಾರ್ಥನೆ

ಹಿಂದೆ ನಮ್ಮ ಕಡೆ ಇದಕ್ಕೊಂದು ಕ್ರಮವಿತ್ತು. ಮುಸ್ಸಂಜೆಗೆ ಇಗರ್ಜಿಯ ಗಂಟೆ ಕೇಳಿದರೆ ತೋಟದಲ್ಲಿದ್ದವರೂ ನಿಂತು ಆಮೊರಿ ಎಂಬ ಗಂಟೆಯ ಹೊತ್ತಿನ ಪ್ರಾರ್ಥನೆ ಹೇಳುವುದು, ಕೈಕಾಲು ತೊಳೆದು ಆಲ್ತಾರಿನ ಮುಂದೆ ಮೊಣಕಾಲೂರಿ ತೇರ್ಸ್ (ಜಪಸರದ ಪ್ರಾರ್ಥನೆ) ಮಾಡುವುದು, ಕೊನೆಗೆ ಮಕ್ಕಳು ಸಾಲಾಗಿ ಅಜ್ಜಿ, ಅಪ್ಪ, ಅಮ್ಮ ಎಲ್ಲರಿಂದ ಬೆಸಾಂವ್ (ಆಶೀರ್ವಾದ) ಬೇಡುವುದು. ಆ ಹೊತ್ತಿಗೆ ಈಗ ಟ್ಯೂಷನ್ ಇದೆ, ಮಂಗಳೂರಿನಿಂದ ಬರುವ ಬಸ್ಸು ತಲಪಾಡಿಯಲ್ಲೇ ತಡವಾಗುತ್ತದೆ, ದುಬೈಯಿಂದ ಮಗನ ಕರೆ ಬರುತ್ತದೆ. ಹಳೆಯ ಕ್ರಮವನ್ನು ಹಾಗೆಯೇ ತರಲು ಹೊರಟ ಮನೆಗಳು ಹತ್ತು ದಿನದಲ್ಲಿ ಕೈಬಿಡುತ್ತವೆ. ಆದ್ದರಿಂದ ಹೊಸದಾಗಿ ಕಟ್ಟಬೇಕು.

ಹೊತ್ತು ಗೊತ್ತುಮಾಡುವಾಗ ಶುಭವಾದ ಹೊತ್ತು ಯಾವುದು ಎಂದು ಕೇಳಬೇಡಿ. ವಾರದ ಏಳು ದಿನಗಳಲ್ಲಿ ಐದು ದಿನವಾದರೂ ಹೆಚ್ಚು ಜನ ಮನೆಯಲ್ಲಿರುವ ಹೊತ್ತು ಯಾವುದು ಎಂದು ಕೇಳಿ. ಏಳೂಕಾಲೋ ಎಂಟೋ ಆಗಬಹುದು. ಊಟಕ್ಕಿಂತ ಮೊದಲೇ ಇರಲಿ, ಗಂಜಿ ಉಂಡ ಮೇಲೆ ಮಕ್ಕಳು ತೂಕಡಿಸುತ್ತಾರೆ, ದೊಡ್ಡವರೂ ಕಡಿಮೆಯೇನಲ್ಲ. ಗೊತ್ತಾದ ಹೊತ್ತನ್ನು ನೆಂಟರಿಗೂ ಹೇಳಿಬಿಡಿ. ಆ ಹೊತ್ತಿಗೆ ಬಂದವರು ಕೂತುಕೊಳ್ಳಲಿ, ಇಲ್ಲವೇ ಸ್ವಲ್ಪ ತಡೆದು ಬರಲಿ.

ಮೊದಲ ತಿಂಗಳು ಹನ್ನೆರಡು ನಿಮಿಷ ದಾಟಿಸಬೇಡಿ. ಅದನ್ನು ಹೀಗೆ ಹಂಚಬಹುದು. ಮೇಣದಬತ್ತಿ ಹಚ್ಚಿ ಒಂದು ನಿಮಿಷ ಸುಮ್ಮನೆ ಕೂರುವುದು. ಎರಡು ನಿಮಿಷ ಬೈಬಲಿನ ಒಂದು ಕೀರ್ತನೆ. ಎರಡು ನಿಮಿಷ ಯೇಸುವಿನ ಬದುಕನ್ನು ಹೇಳುವ ಶುಭಸಂದೇಶದ ಹತ್ತು ಹನ್ನೆರಡು ವಾಕ್ಯ. ಮತ್ತೆ ಒಂದು ನಿಮಿಷ ಮೌನ. ನಾಲ್ಕು ನಿಮಿಷ ಜಪಸರದ ಒಂದು ರಹಸ್ಯ, ಅಂದರೆ ಯೇಸು, ಮರಿಯಳ ಬದುಕಿನ ಒಂದು ಘಟನೆಯನ್ನು ನೆನೆಯುತ್ತ ಹೇಳುವ ಹತ್ತು ಮಣಿಯ ಜಪ. ಉಳಿದ ಎರಡು ನಿಮಿಷದಲ್ಲಿ ಒಬ್ಬೊಬ್ಬರು ಒಂದೊಂದು ವಾಕ್ಯದಲ್ಲಿ ಕೃತಜ್ಞತೆ ಹೇಳುವುದು, ಕೊನೆಗೆ ಬೆಸಾಂವ್. ಪ್ರೊಟೆಸ್ಟಂಟ್ ಮನೆಗಳಲ್ಲಿ ಜಪಸರದ ಜಾಗಕ್ಕೆ ಒಂದು ಸ್ತುತಿಗೀತೆ ಮತ್ತು ಕರ್ತನ ಪ್ರಾರ್ಥನೆ ಸರಿಹೋಗುತ್ತದೆ. ಇಷ್ಟು ಒಂದು ತಿಂಗಳು ನಿಂತ ಮೇಲೆ ಬೇಕಾದರೆ ಐದೂ ರಹಸ್ಯಗಳಿಗೆ ಏರಿ, ಸುಮಾರು ಇಪ್ಪತ್ತು ನಿಮಿಷ ಬೇಕಾಗುತ್ತದೆ. ಸೋಮವಾರ ಮತ್ತು ಶನಿವಾರ ಸಂತೋಷದ ರಹಸ್ಯಗಳು, ಮಂಗಳವಾರ ಮತ್ತು ಶುಕ್ರವಾರ ದುಃಖದವು, ಬುಧವಾರ ಮತ್ತು ಆದಿತ್ಯವಾರ ಮಹಿಮೆಯವು. 2002ರಲ್ಲಿ ಪೋಪ್ ಎರಡನೇ ಜಾನ್ ಪಾಲ್ ಸೇರಿಸಿದ ಬೆಳಕಿನ ರಹಸ್ಯಗಳು ಗುರುವಾರಕ್ಕೆ. ಅಜ್ಜಿಯಂದಿರಲ್ಲಿ ಕೆಲವರಿಗೆ ಇವು ಬಾಯಿಪಾಠ ಇರುವುದಿಲ್ಲ, ಮೊಮ್ಮಕ್ಕಳೇ ಹೇಳಿಕೊಡಲಿ.

ಫೋನುಗಳೆಲ್ಲ ಬೇರೆ ಕೋಣೆಯಲ್ಲಿರಲಿ. ಸೈಲೆಂಟ್ ಮಾಡಿ ಜೇಬಿನಲ್ಲಿಟ್ಟರೆ ಆಗುವುದಿಲ್ಲ, ನಡುಗಿದಾಗ ಕೈ ತಾನಾಗಿ ಹೋಗುತ್ತದೆ. ಗಲ್ಫಿನಲ್ಲಿರುವವರ ಮನೆಗೆ ಮಾತ್ರ ಒಂದು ವಿನಾಯಿತಿ ಬೇಕು. ನಮ್ಮ ರಾತ್ರಿ ಎಂಟಕ್ಕೆ ದುಬೈಯಲ್ಲಿ ಆರೂವರೆ, ಕುವೈಟ್, ದೋಹಾ, ರಿಯಾದಿನಲ್ಲಿ ಐದೂವರೆ. ವಾರದಲ್ಲಿ ಒಂದು ದಿನ ಅವರಿಗೆ ರಜೆ ಇರುವ ಸಂಜೆ ಕರೆ ಮಾಡಿ, ಧ್ವನಿ ಮಾತ್ರ ಇಟ್ಟು, ಒಂದು ರಹಸ್ಯವನ್ನು ಅವರೇ ನಡೆಸಲಿ. ವಿಡಿಯೋ ಹಾಕಿದರೆ ಮಕ್ಕಳೆಲ್ಲ ಪರದೆಯನ್ನೇ ನೋಡುತ್ತಾರೆ, ಪ್ರಾರ್ಥನೆ ಕುಶಲ ವಿಚಾರಣೆಯಾಗುತ್ತದೆ. ಸೌದಿಯಲ್ಲಿ ಇಗರ್ಜಿಯೇ ಇಲ್ಲದ್ದರಿಂದ ಅಲ್ಲಿರುವವರಿಗೆ ಈ ಹತ್ತು ನಿಮಿಷ ಎಷ್ಟು ದೊಡ್ಡದು ಎಂದು ಮನೆಯಲ್ಲಿರುವವರು ನೆನಪಿಡಬೇಕು. ಆ ವಾರದ ಬಲಿಪೂಜೆಯಲ್ಲಿ ಓದಿದ ಶುಭಸಂದೇಶ ಯಾವುದೆಂದು ಅವರಿಗೆ ತಿಳಿಸಿ, ಎರಡೂ ಕಡೆ ಅದನ್ನೇ ಓದಿ.

ಭಾಷೆಯ ವಿಷಯ ನಮ್ಮ ಕಡೆ ನಿಜವಾಗಿಯೂ ತೊಡಕು. ಮನೆಯಲ್ಲಿ ಕೊಂಕಣಿ ಅಥವಾ ತುಳು, ಅಪ್ಪ ಓದಿದ್ದು ಕನ್ನಡ ಮಾಧ್ಯಮದಲ್ಲಿ, ಮಗಳು ಮಲಯಾಳವೋ ಇಂಗ್ಲಿಷೋ ಕಲಿಯುವ ಶಾಲೆಯಲ್ಲಿ. ಕೊಂಕಣಿಯ ಪ್ರಾರ್ಥನೆ ಪುಸ್ತಕಗಳೂ ನಮ್ಮಲ್ಲಿ ಕನ್ನಡ ಲಿಪಿಯಲ್ಲೇ ಇರುವುದರಿಂದ, ಲಿಪಿ ಬಾರದ ಮಗು ಎರಡನ್ನೂ ಕಳೆದುಕೊಳ್ಳುತ್ತದೆ. ಓದಲು ತಡವರಿಸಿದಾಗ ಗದರಿಸಿದರೆ ಆ ಮಗು ನಾಳೆ ಓದಲು ಮುಂದೆ ಬರುವುದಿಲ್ಲ. ಅದಕ್ಕೆ ಓದಲು ಬರುವ ಲಿಪಿಯ ಬೈಬಲನ್ನೇ ಕೊಡಿ, ಉಳಿದವರು ಕಿವಿಗೊಡಿ. ಇದರ ಜತೆಗೆ ಶನಿವಾರ ಹತ್ತು ನಿಮಿಷ ಕೂತು ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಪ್ರಾರ್ಥನೆಯನ್ನೇ ಪಾಠವಾಗಿಟ್ಟು ಕನ್ನಡ ಅಕ್ಷರ ಕಲಿಸಿ. ಬಾಯಿಪಾಠ ಇರುವುದನ್ನು ಓದಿ ಕಲಿಯುವುದು ಸುಲಭ. ಹೊಸ ಅಕ್ಷರ ಎದುರಾದಾಗ ಅದರ ಸದ್ದು ನಾಲಿಗೆಯಲ್ಲಿ ಮೊದಲೇ ಇರುತ್ತದೆ.

ಕೂಡು ಪ್ರಾರ್ಥನೆಯನ್ನು ಕೊಲ್ಲುವುದು ಬಹಳ ಸಲ ಬೇಸರಕ್ಕಿಂತ ಹೆಚ್ಚಾಗಿ ಚುಚ್ಚುಮಾತು. ‘ದೇವರೇ, ಇವನಿಗೆ ಓದುವ ಬುದ್ಧಿ ಕೊಡು’ ಎಂದು ಮಗನ ಎದುರೇ ಹೇಳುವುದು, ‘ನಮ್ಮ ಮನೆಯ ಕುಡಿತ ಬಿಡಿಸು’ ಎಂದು ಗಂಡ ಪಕ್ಕದಲ್ಲಿರುವಾಗ ದನಿ ಏರಿಸುವುದು. ದೇವರ ಹೆಸರಿನಲ್ಲಿ ಮನುಷ್ಯರಿಗೆ ಆಡಿದ ಮಾತು ಅದು, ಕೇಳಿದವರಿಗೆ ಚೆನ್ನಾಗಿ ಗೊತ್ತಾಗುತ್ತದೆ. ಒಂದು ನಿಯಮ ಮಾಡಿಕೊಳ್ಳಿ: ಎಲ್ಲರೂ ಇರುವಾಗ ಕೃತಜ್ಞತೆ ಯಾರಿಗಾಗಿಯೂ ಹೇಳಬಹುದು, ತಪ್ಪೊಪ್ಪಿಗೆ ತನ್ನದು ಮಾತ್ರ. ಇತರರ ತಪ್ಪಿನ ಬಗ್ಗೆ ಅಳುವುದಿದ್ದರೆ ಒಬ್ಬರೇ ಇರುವಾಗ, ಮತ್ತಾಯ 6:6 ಹೇಳುವಂತೆ ಬಾಗಿಲು ಹಾಕಿಕೊಂಡು ಅಳಿ.

ನೆರೆಮನೆಯವರು ನಡುವೆ ಬಂದರೆ ಮುಜುಗರಪಡಬೇಕಾಗಿಲ್ಲ. ಅದೇ ಮುಸ್ಸಂಜೆಗೆ ಒಂದು ಕಡೆಯಿಂದ ಬಾಂಗು, ಇನ್ನೊಂದು ಕಡೆಯಿಂದ ಭಜನಾ ಮಂದಿರದ ತಾಳ ಕೇಳುವ ಊರು ನಮ್ಮದು, ಪ್ರಾರ್ಥನೆಯ ಹೊತ್ತು ಎಂದರೆ ಇಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ. ‘ಕೂತುಕೊಳ್ಳಿ, ಐದು ನಿಮಿಷ’ ಎಂದರೆ ಸಾಕು. ಆದರೆ ಬಂದವರು ಹಾವು ಕಚ್ಚಿದೆ, ಎದೆನೋವು ಎಂದು ಬಂದಿದ್ದರೆ ಬತ್ತಿ ಆರಿಸಿ ಜೀಪು ತೆಗೆಯಿರಿ. ಗಾಯಗೊಂಡವನನ್ನು ದಾಟಿಹೋದ ಯಾಜಕನ ಕಥೆಯನ್ನು ಲೂಕ 10ರಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಇಲ್ಲಿ ಪ್ರಾರ್ಥನೆ ಪಕ್ಕಕ್ಕೆ ಸರಿದರೂ ದೇವರು ಸರಿಯಲಿಲ್ಲ.

ಬೆಳಗಿನ ಹತ್ತು ನಿಮಿಷ

ಇದು ಒಬ್ಬೊಬ್ಬರ ಪಾಲಿನದು. ಫೋನ್ ಮುಟ್ಟುವ ಮೊದಲು ಎಂಬುದಷ್ಟೇ ಕಟ್ಟುನಿಟ್ಟು. ವಾಟ್ಸ್ಆ್ಯಪ್ ತೆರೆದ ಮೇಲೆ ಮನಸ್ಸು ಹತ್ತು ಮನೆಗಳಿಗೆ ಹೋಗಿಬಂದಿರುತ್ತದೆ.

ಬೈಬಲ್ ಓದಲು ಆದಿಕಾಂಡದಿಂದ ಶುರುಮಾಡಬೇಡಿ. ಹಾಗೆ ಹೊರಟವರು ಯಾಜಕಕಾಂಡದ ಬಲಿ ನಿಯಮಗಳಲ್ಲಿ ಸಿಕ್ಕಿಹಾಕಿಕೊಂಡು ಬಿಡುವುದೇ ಹೆಚ್ಚು. ಮಾರ್ಕನಿಂದ ಆರಂಭಿಸಿ, 16 ಅಧ್ಯಾಯ, ಭಾಷೆ ನೇರ. ಆಮೇಲೆ ಲೂಕ 24, ಮತ್ತಾಯ 28, ಕೊನೆಗೆ ಯೊವಾನ್ನ 21. ದಿನಕ್ಕೊಂದು ಅಧ್ಯಾಯದಂತೆ ನಾಲ್ಕೂ ಶುಭಸಂದೇಶಗಳ 89 ಅಧ್ಯಾಯ ಮೂರು ತಿಂಗಳೊಳಗೆ ಮುಗಿಯುತ್ತದೆ. ಒಮ್ಮೆ ಓದಿ, ತಡೆದ ವಾಕ್ಯಕ್ಕೆ ಮರಳಿ ಅದನ್ನು ಮಾತ್ರ ನಿಧಾನವಾಗಿ ಮತ್ತೊಮ್ಮೆ ಓದಿ, ಇಂದು ನನ್ನ ಎದುರಿಗಿರುವ ಯಾವ ಕೆಲಸಕ್ಕೆ ಇದು ಸೇರುತ್ತದೆ ಎಂದು ಕೇಳಿ. ಆ ಕೆಲಸದ ಹೆಸರನ್ನು ದೇವರಿಗೆ ಹೇಳಿ ಎದ್ದುಬಿಡಿ. ಅರ್ಥವಾಗದ ಭಾಗವನ್ನು ಪೆನ್ಸಿಲಿನಲ್ಲಿ ಗುರುತಿಸಿ ದಾಟಿಹೋಗಿ, ಧರ್ಮಗುರುಗಳನ್ನೋ ಸಭಾಪಾಲಕರನ್ನೋ ಕೇಳಲು ಅದು ಒಳ್ಳೆಯ ಪ್ರಶ್ನೆಯಾಗುತ್ತದೆ.

ನಸುಕಿಗೇ ತಲೆಗೆ ದೀಪ ಕಟ್ಟಿ ರಬ್ಬರ್ ತೋಟಕ್ಕೆ ಹೋಗುವವರಿಗೆ ಬೆಳಗಿನ ಹೊತ್ತು ಬೇರೆಯೇ. ಅವರು ಹಾಲು ಶೇಖರಿಸಿ ಬಂದು ಕೈತೊಳೆದ ಮೇಲೆ ಕೂರಲಿ. ಎಳೆ ಮಗುವಿನ ತಾಯಿಗೆ ಹತ್ತು ನಿಮಿಷ ಒಟ್ಟಿಗೆ ಸಿಗುವುದಿಲ್ಲ. ಅವಳಿಗೆ ಸಣ್ಣ ಕೀರ್ತನೆಗಳಿವೆ: 117ರಲ್ಲಿ ಎರಡೇ ವಾಕ್ಯ, 131 ಮತ್ತು 134ರಲ್ಲಿ ಮೂರು ಮೂರು. 131ನೆಯದಂತೂ ತಾಯಿಯ ಮಡಿಲಲ್ಲಿ ಸುಮ್ಮನಾದ ಕೂಸಿನದೇ ಮಾತು. ಹಾಲೂಡಿಸುತ್ತ ಹೇಳಿಕೊಳ್ಳಬಹುದು.

ಆದಿತ್ಯವಾರ ಬಿಸಿಲು ಬಂದರೆ

ಈ ಕಡೆಯ ಅಡಿಕೆ ಬೆಳೆಗಾರರ ಭಕ್ತಿ ನಿಜವಾಗಿ ಪರೀಕ್ಷೆಗೆ ಬೀಳುವುದು ಜುಲೈ ತಿಂಗಳಲ್ಲಿ. ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ಮೊದಲ ಸಿಂಪಡಣೆ ಮಳೆಗಾಲದ ಬಾಗಿಲಲ್ಲಿ, ಎರಡನೆಯದು ಅದಾಗಿ 40-45 ದಿನಕ್ಕೆ. ಆ ಹೊತ್ತಿಗೆ ವಾರಗಟ್ಟಲೆ ಸುರಿದ ಮಳೆ ಆದಿತ್ಯವಾರ ಬೆಳಿಗ್ಗೆ ಬಿಟ್ಟು ಬಿಸಿಲು ಬೀಳುತ್ತದೆ, ಮರ ಹತ್ತುವವನು ಇವತ್ತು ಬರುತ್ತೇನೆ ಎನ್ನುತ್ತಾನೆ, ಇವತ್ತು ಬಿಟ್ಟರೆ ಇನ್ನೊಂದು ವಾರ ಸಿಗುವುದಿಲ್ಲ. ಎಳೆಗಾಯಿ ಉದುರಿದರೆ ವರ್ಷದ ಬೆಳೆಯೇ ಹೋಯಿತು. ಇಂಥ ಕಡೆ ‘ದೇವರೇ ನೋಡಿಕೊಳ್ಳುತ್ತಾರೆ’ ಎಂದು ಸುಮ್ಮನಿರಿ ಎಂದು ಹೇಳುವುದು ಸುಲಭ, ತೋಟ ಇಲ್ಲದವರಿಗೆ.

ವಿಶ್ರಾಂತಿಯ ದಿನವಾದ ಸಬ್ಬತ್ತಿನಂದು ಬಾವಿಗೆ ಬಿದ್ದ ಎತ್ತನ್ನು ಎತ್ತದವರು ಯಾರು ಎಂದು ಕೇಳಿದವರು ಯೇಸುವೇ, ಲೂಕ 14:5ರಲ್ಲಿ. ನಿಜವಾದ ತುರ್ತಿಗೆ ಅವಕಾಶವಿದೆ. ಆದರೆ ಬಹುಪಾಲು ತುರ್ತುಗಳು ಶನಿವಾರದ ಆಲಸ್ಯದಿಂದ ಹುಟ್ಟಿದವು. ಎರಡನೇ ಸಿಂಪಡಣೆಯ ವಾರ ಯಾವುದೆಂದು ಮೊದಲನೆಯದು ಮುಗಿದ ದಿನವೇ ಗೊತ್ತಿರುತ್ತದೆ. ಕ್ಯಾಲೆಂಡರಿನಲ್ಲಿ ಆ ವಾರದ ಶನಿವಾರ ಸಂಜೆಗೆ ಗುರುತು ಹಾಕಿ. ಧರ್ಮಸಭೆಯ ನಿಯಮದ ಪ್ರಕಾರ ಹಿಂದಿನ ದಿನ ಸಂಜೆಯ ಬಲಿಪೂಜೆಯೂ ಆದಿತ್ಯವಾರದ ಕಟ್ಟಳೆಯನ್ನು ಪೂರೈಸುತ್ತದೆ. ನಿಮ್ಮ ಧರ್ಮಕೇಂದ್ರದಲ್ಲಿ ಇಲ್ಲದಿದ್ದರೆ ಹತ್ತಿರದ ಯಾವ ಇಗರ್ಜಿಯಲ್ಲಿ ಇದೆ ಎಂದು ಜೂನ್‌ನಲ್ಲೇ ವಿಚಾರಿಸಿಟ್ಟುಕೊಳ್ಳಿ. ಅದೂ ಆಗದಿದ್ದರೆ ಆದಿತ್ಯವಾರದ ಮೊದಲ ಬಲಿಪೂಜೆಗೆ ಹೋಗಿ. ಎಲೆ, ಗೊನೆಗಳ ನೀರು ಆರಲು ಹೇಗೂ ಬಿಸಿಲು ಏರಬೇಕು, ಅಷ್ಟರಲ್ಲಿ ನೀವು ಮರಳಿರುತ್ತೀರಿ. ದ್ರಾವಣವನ್ನು ಮಾತ್ರ ಹಿಂದಿನ ರಾತ್ರಿ ಕಲಸಿಡಬೇಡಿ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಬೇರೆಬೇರೆ ಕರಗಿಸಿ ಕಲಸಿದ್ದು ಅದೇ ದಿನ ಮುಗಿಯಬೇಕು. ತೂಗಿ ಕಟ್ಟಿಟ್ಟರೆ ಸಾಕು, ಇಗರ್ಜಿಯಿಂದ ಬಂದು ಕಲಸಬಹುದು.

ಇನ್ನೊಂದು ವಿಷಯ ಹಲವರು ಮರೆಯುತ್ತಾರೆ. ಧರ್ಮೋಪದೇಶಕಾಂಡ 5:14 ಮನೆಯ ಯಜಮಾನನಿಗೆ ಮಾತ್ರ ವಿಶ್ರಾಂತಿ ಹೇಳಿಲ್ಲ, ಆಳಿಗೂ ಹೇಳಿದೆ. ನೀವು ಬಲಿಪೂಜೆಗೆ ಹೋಗಿ, ಮರ ಹತ್ತುವವನನ್ನು ಏಳು ಗಂಟೆಗೇ ಕರೆಸಿ, ಅವನೂ ಕ್ರೈಸ್ತನಾಗಿದ್ದು ಅವನ ಬಲಿಪೂಜೆ ತಪ್ಪಿಸಿದರೆ ನಿಮ್ಮ ಲೆಕ್ಕ ಸರಿಹೋಗಲಿಲ್ಲ.

ಉಳಿದ ಆದಿತ್ಯವಾರಗಳಲ್ಲಿ ಬಲಿಪೂಜೆಗೆ ಒಂದು ಗಂಟೆ ಮುಂಚಿತವಾಗಿ ಓದುಗಳನ್ನು ಮನೆಯಲ್ಲೇ ಒಮ್ಮೆ ಓದಿ ಹೋಗಿ. ಬಲಿಪೂಜೆಯಲ್ಲಿ ಸ್ವೀಕರಿಸುವ ಪರಮಪ್ರಸಾದಕ್ಕೆ ಮೊದಲು ಒಂದು ಗಂಟೆ ಉಪವಾಸ ಹೇಗೂ ಇದೆ, ಚಹಾ ಕುಡಿಯದ ಆ ಹೊತ್ತನ್ನು ಇದಕ್ಕೆ ಬಳಸಬಹುದು. ಮಧ್ಯಾಹ್ನದ ಮೇಲೆ ಧರ್ಮಕೇಂದ್ರದ ನಿಮ್ಮ ವಾರ್ಡಿನಲ್ಲಿ ಹಾಸಿಗೆ ಹಿಡಿದವರ ಮನೆಗೆ ಹೋಗಿ. ಯಾರ ಮನೆ ಎಂದು ಗೊತ್ತಿಲ್ಲದಿದ್ದರೆ ವಾರ್ಡಿನ ಮುಖ್ಯಸ್ಥರಾದ ಗುರ್ಕಾರರಿಗೆ ಗೊತ್ತಿರುತ್ತದೆ.

ಅಡಿಕೆ ಮಾರಿದ ದಿನ

ತಿಂಗಳ ಸಂಬಳದವರಿಗೆ ಕಾಣಿಕೆಯ ಲೆಕ್ಕ ಸುಲಭ. ಚಾಲಿ (ಒಣಗಿಸಿದ ಅಡಿಕೆ) ಮಾರಿ ವರ್ಷಕ್ಕೆ ಒಂದೆರಡು ಸಲ ದೊಡ್ಡ ಮೊತ್ತ ನೋಡುವವರಿಗೆ ಕಷ್ಟ. ಹಣ ಕೈಗೆ ಬಂದ ದಿನವೇ ಸೊಸೈಟಿಯ ಸಾಲ, ಮನೆಯ ಮಾಡು, ಬೋರ್‌ವೆಲ್ಲಿನ ಮೋಟಾರು ಎಲ್ಲ ಕೈಚಾಚುತ್ತವೆ. ಕೊನೆಗೆ ಉಳಿದರೆ ದೇವರಿಗೆ ಎಂದು ಇಟ್ಟವರಿಗೆ ಉಳಿಯುವುದಿಲ್ಲ. ಹೊಸ ತೆನೆಯನ್ನು ಮೊದಲು ದೇವರಿಗೆ ಒಪ್ಪಿಸಿ ಆಮೇಲೆ ಊಟಕ್ಕೆ ಕೂರುವ ನಾವು ಅಡಿಕೆಯ ದುಡ್ಡಿಗೆ ಬಂದಾಗ ಕ್ರಮವನ್ನು ತಲೆಕೆಳಗು ಮಾಡುತ್ತೇವೆ.

ಹೀಗೆ ಮಾಡಿ. ಅಡಿಕೆ ಅಂಗಳದಲ್ಲಿ ಒಣಗುತ್ತಿರುವಾಗಲೇ, ಧಾರಣೆ ಎಷ್ಟೆಂದು ಗೊತ್ತಾಗುವ ಮೊದಲೇ, ಗಂಡಹೆಂಡತಿ ಕೂತು ಶೇಕಡಾ ಎಷ್ಟು ಎಂದು ತೀರ್ಮಾನಿಸಿ ಬರೆದಿಡಿ. ಹಳೆಯ ಒಡಂಬಡಿಕೆ ಹೇಳಿದ್ದು ಹತ್ತನೇ ಒಂದು. ಪೌಲ ಅಂಕಿ ಹೇಳಲಿಲ್ಲ, ಹೃದಯದಲ್ಲಿ ನಿಶ್ಚಯಿಸಿದಷ್ಟನ್ನು ಗೊಣಗದೆ ಕೊಡಬೇಕೆಂದ, ಎರಡನೇ ಕೊರಿಂಥ 9:7. ಸಾಲದಲ್ಲಿರುವವರು ಶೇಕಡಾ 2ರಿಂದ ಶುರುಮಾಡಿ ವರ್ಷಕ್ಕೊಂದರಂತೆ ಏರಿಸಲಿ. ಲೆಕ್ಕ ಖರ್ಚು ಕಳೆದ ಮೇಲಿನ ಮೊತ್ತಕ್ಕೆ ಇರಲಿ. ಉದಾಹರಣೆಗೆ ₹1,80,000ಕ್ಕೆ ಮಾರಿ, ಕೂಲಿ, ಗೊಬ್ಬರ, ಔಷಧ, ಸುಲಿಯುವ ಖರ್ಚು ₹80,000 ಆದರೆ ಉಳಿದ ಲಕ್ಷಕ್ಕೆ ಶೇಕಡಾ 5 ಎಂದರೆ ₹5,000. ಅದರಲ್ಲಿ ₹2,000 ಇಗರ್ಜಿಗೆ, ₹2,000 ಗೊತ್ತಿರುವ ಬಡ ಮನೆಗೆ, ₹1,000 ಬೇರೆ ಲಕೋಟೆಯಲ್ಲಿ, ಯಾವಾಗ ಯಾರು ಔಷಧಕ್ಕೆಂದು ಬಂದು ನಿಲ್ಲುತ್ತಾರೋ ಅವರಿಗೆ. ಈ ಮೂರನೆಯ ಲಕೋಟೆ ಮನೆಯಲ್ಲಿದ್ದರೆ ಕೇಳಿಬಂದವರ ಮುಂದೆ ಮುಖ ಗಂಟಿಕ್ಕುವುದಿಲ್ಲ, ಏಕೆಂದರೆ ಆ ದುಡ್ಡು ಈಗಾಗಲೇ ನಿಮ್ಮದಲ್ಲ.

ಕಾಣಿಕೆಗೂ ಮೊದಲು ಕೂಲಿ ಬಾಕಿ ತೀರಿಸಿ. ಕೊಡದೆ ಹಿಡಿದಿಟ್ಟ ಕೂಲಿ ದೇವರ ಕಿವಿಗೆ ಕೂಗುತ್ತದೆ ಎಂದು ಯಕೋಬ 5:4 ಬಹಳ ಗಟ್ಟಿಯಾಗಿ ಹೇಳಿದೆ. ಕೆಲಸದವರಿಗೆ ‘ಧಾರಣೆ ಏರಲಿ’ ಎಂದು ಕಾಯಿಸಿ ಇಗರ್ಜಿಯ ಗೋಡೆಗೆ ಹೆಸರಿನ ಕಲ್ಲು ಹಾಕಿಸುವುದು ದೇವರಿಗೆ ಕೊಟ್ಟದ್ದಾಗುವುದಿಲ್ಲ. ಕೊಟ್ಟರೆ ನೂರರಷ್ಟು ಹಣ ಹಿಂದಿರುಗುತ್ತದೆ ಎಂದು ಲೆಕ್ಕ ಕೊಡುವ ಬೋಧಕರಿಂದಲೂ ದೂರವಿರಿ, ಅಲ್ಲಿ ನಡುವೆ ಕೂತಿರುವುದು ಹಣವೇ.

ಮೊದಲ ಪರಮಪ್ರಸಾದ, ಮದುವೆಯ ಮುಂಚಿನ ರೋಸ್ ಶಾಸ್ತ್ರ, ಮದುವೆಗಳ ಖರ್ಚಿನ ಬಗ್ಗೆ ಒಂದೇ ಮಾತು: ಸಾಲ ಮಾಡಬೇಡಿ. ಎಂಟೊಂಬತ್ತು ವರ್ಷದ ಮಗು ಪ್ರಭುವನ್ನು ಮೊದಲ ಸಲ ಸ್ವೀಕರಿಸುವ ದಿನ ಅಪ್ಪನ ತಲೆಯಲ್ಲಿ ಶಾಮಿಯಾನದ ಬಾಕಿ ಸುತ್ತುತ್ತಿರಬಾರದು. ಮನೆಯವರು, ಜ್ಞಾನಸ್ನಾನದಲ್ಲಿ ಮಗುವಿಗೆ ನಿಂತ ದೇವಪಿತೃ ದೇವಮಾತೆ, ಅಕ್ಕಪಕ್ಕದವರು, ಒಂದು ಒಳ್ಳೆಯ ಊಟ, ಅಷ್ಟರಲ್ಲಿ ಮುಗಿಸಿದವರನ್ನು ಯಾರೂ ಜಿಪುಣರೆಂದು ನೆನಪಿಟ್ಟುಕೊಂಡಿಲ್ಲ.

ಬೇಲಿ, ನೀರು, ಪಾಲು

ತೋಡಿನ ನೀರಿನ ಸರದಿ, ಒಂದು ಅಡಿ ಸರಿದ ಬೇಲಿ, ತಾಯಿ ತೀರಿದ ಮೇಲೆ ಅಣ್ಣತಮ್ಮಂದಿರ ಪಾಲು. ಮೂರು ವರ್ಷ ಮಾತು ಬಿಟ್ಟವರು ಒಂದೇ ಬಲಿಪೂಜೆಯಲ್ಲಿ ಎರಡು ಬದಿಯ ಬೆಂಚಿನಲ್ಲಿ ಕೂತು, ಶಾಂತಿ ಹಾರೈಸುವ ಹೊತ್ತಿಗೆ ಬೇರೆ ಕಡೆ ತಿರುಗುವುದನ್ನು ಎಲ್ಲ ಊರೂ ಕಂಡಿದೆ. ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಮೊದಲು ಹೋಗಿ ಸಹೋದರನ ಜತೆ ರಾಜಿಯಾಗು ಎಂದು ಮತ್ತಾಯ 5:23-24. ಅಲ್ಲಿ ಗಮನಿಸಬೇಕಾದ್ದು, ತಪ್ಪು ಯಾರದು ಎಂದು ಯೇಸು ಕೇಳಿಲ್ಲ. ಅವನಿಗೆ ನಿನ್ನ ಮೇಲೆ ಏನೋ ಇದೆ ಎಂದು ನೆನಪಾದರೆ ಹೊರಡಬೇಕಾದವನು ನೀನು.

ಹೇಗೆ ಹೋಗುವುದು? ಹಬ್ಬದ ಹಿಂದಿನ ದಿನ ಬೇಡ, ಅಂದು ಹೋದರೆ ಕಟ್ಟಳೆ ಮುಗಿಸಲು ಬಂದರೆಂದು ಅನ್ನಿಸುತ್ತದೆ. ಸಾಧಾರಣ ದಿನ, ಸಂಜೆ, ಒಬ್ಬರೇ ಹೋಗಿ. ಸರ್ವೆ ನಕ್ಷೆ, ಆಧಾರಪತ್ರದ ಪ್ರತಿ ಯಾವುದನ್ನೂ ಕೈಯಲ್ಲಿ ಹಿಡಿಯಬೇಡಿ. ಜಗಲಿಯಲ್ಲಿ ನಿಂತೇ ಹೇಳಿಬಿಡಿ: ‘ಅಣ್ಣ, ಜಾಗದ ವಿಷಯ ಇನ್ನೊಂದು ದಿನ ಮಾತಾಡುವ. ನಾನು ಅಂದು ನಿಮ್ಮ ಮನೆಯ ಹೆಂಗಸರ ಎದುರು ಬಾಯಿಗೆ ಬಂದಂತೆ ಮಾತಾಡಿದೆ, ಅದಕ್ಕೆ ಕ್ಷಮೆ ಕೇಳಲಿಕ್ಕೆ ಬಂದದ್ದು.’ ನಿಮ್ಮ ಒಂದು ತಪ್ಪು, ಹೆಸರು ಹಿಡಿದು. ‘ತಪ್ಪಾಗಿದ್ದರೆ ಕ್ಷಮಿಸಿ’ ಎಂಬ ಮಾತು ಬೇಡ, ಅದರೊಳಗೆ ತಪ್ಪಾಗಿಲ್ಲ ಎಂಬುದು ಅಡಗಿದೆ. ‘ನೀವೂ ಹಾಗೆ ಮಾಡಿದಿರಿ’ ಎಂಬುದು ಬಾಯಿತುದಿಗೆ ಬರುತ್ತದೆ, ನುಂಗಿಕೊಳ್ಳಿ. ಅವರು ಒಳಗೆ ಕರೆಯದಿದ್ದರೆ ಹಿಂದಿರುಗಿ, ಮುಂದಿನ ಸಲ ದಾರಿಯಲ್ಲಿ ಕಂಡಾಗ ನೀವೇ ಮೊದಲು ಮಾತಾಡಿಸಿ. ಇದು ಆರು ತಿಂಗಳು ಹಿಡಿಯಬಹುದು. ಒಬ್ಬರೇ ಹೋಗಿ ಆಗದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು, ಆಮೇಲೆ ಸಭೆಯ ಹಿರಿಯರ ಮೂಲಕ ಎಂದು ಮತ್ತಾಯ 18:15-17ರಲ್ಲಿ ಕ್ರಮವೂ ಇದೆ. ಕೋರ್ಟಿನಲ್ಲಿರುವ ವ್ಯಾಜ್ಯ ಅದರ ಪಾಡಿಗೆ ನಡೆಯಲಿ, ನ್ಯಾಯ ಕೇಳುವುದು ಪಾಪವಲ್ಲ. ಅವರ ಮನೆಯ ಸಾವಿಗೆ ಹೋಗದಿರುವುದು, ಮಕ್ಕಳಿಗೆ ಆ ಮನೆಯ ಮಕ್ಕಳ ಜತೆ ಆಡಬೇಡಿ ಎನ್ನುವುದು ಬೇರೆ.

ಹೊಡೆತ ತಿನ್ನುವ ಹೆಂಗಸಿಗೆ ಈ ಯಾವ ಮಾತೂ ಅನ್ವಯಿಸುವುದಿಲ್ಲ. ಕ್ಷಮಿಸುವುದೆಂದರೆ ಮತ್ತೆ ಹೊಡೆಸಿಕೊಳ್ಳಲು ಆ ಮನೆಗೆ ಮರಳುವುದು ಎಂದು ಯಾರೇ ಹೇಳಿದರೂ ಒಪ್ಪಬೇಡಿ. ಮೊದಲು ಸುರಕ್ಷಿತ ಜಾಗ, 181 ಅಥವಾ 112ಕ್ಕೆ ಕರೆ. ಉಳಿದದ್ದು ಆಮೇಲೆ.

ಮಲಗುವ ಮೊದಲು, ತಿಂಗಳಿಗೊಮ್ಮೆ

16ನೇ ಶತಮಾನದ ಸಂತ ಇಗ್ನೇಷಿಯಸ್ ಲೊಯೋಲರು ಬಿಟ್ಟುಹೋದ ಆತ್ಮಪರಿಶೋಧನೆಗೆ ಐದು ಹೆಜ್ಜೆ: ಇಂದಿನ ಒಳಿತಿಗೆ ಕೃತಜ್ಞತೆ, ಸರಿಯಾಗಿ ಕಾಣಲು ಬೆಳಕಿನ ಬೇಡಿಕೆ, ಬೆಳಗಿನಿಂದ ದಿನವನ್ನು ಗಂಟೆಗಂಟೆಯಾಗಿ ನೋಡುವುದು, ತಪ್ಪಿಗೆ ಪಶ್ಚಾತ್ತಾಪ, ನಾಳೆಗೊಂದು ತೀರ್ಮಾನ. ಐದು ನಿಮಿಷ ಸಾಕು. ಹಾಸಿಗೆಯಲ್ಲಿ ಮಲಗಿಕೊಂಡು ಮಾಡಿದರೆ ಎರಡನೇ ಹೆಜ್ಜೆಗೇ ನಿದ್ದೆ ಬರುತ್ತದೆ, ಕೂತು ಮಾಡಿ. ಮೊದಲ ಹೆಜ್ಜೆಯನ್ನು ಹಾರಿಸಿದವರು ಬೇಗನೆ ತಮ್ಮನ್ನೇ ಹಳಿದುಕೊಳ್ಳುವ ಚಟಕ್ಕೆ ಬೀಳುತ್ತಾರೆ.

ಈ ಪರಿಶೋಧನೆ ಇದ್ದವರಿಗೆ ಧರ್ಮಗುರುಗಳ ಮುಂದೆ ಪಾಪ ಹೇಳಿಕೊಳ್ಳುವ ಪಾಪನಿವೇದನೆ ಕಷ್ಟವಾಗುವುದಿಲ್ಲ. ಘೋರ ಪಾಪವಿದ್ದರೆ ವರ್ಷಕ್ಕೊಮ್ಮೆಯಾದರೂ ಎಂಬುದು ಧರ್ಮಸಭೆಯ ಕನಿಷ್ಠ ನಿಯಮ. ತಿಂಗಳಿಗೊಮ್ಮೆ ಇಟ್ಟುಕೊಂಡರೆ ಬದಲಾವಣೆ ಕಾಣುತ್ತದೆ. ಪಾಸ್ಕ (ಈಸ್ಟರ್) ಹಬ್ಬಕ್ಕೆ ಮುಂಚಿನ ಸಾಲಿನಲ್ಲಿ ನಿಂತರೆ ಧರ್ಮಗುರುಗಳಿಗೂ ಹೊತ್ತಿಲ್ಲ, ನಿಮಗೂ ಇಲ್ಲ. ಹೋಗಿ ಮಾಡಿದ್ದನ್ನು ಹೇಳಿ, ಎಷ್ಟು ಸಲ ಎಂದು ಹೇಳಿ, ಅತ್ತೆಯೋ ಸೊಸೆಯೋ ಮಾಡಿದ್ದನ್ನು ಹೇಳಬೇಡಿ. ಪ್ರೊಟೆಸ್ಟಂಟರಿಗೆ ಯಕೋಬ 5:16ರ ದಾರಿಯಿದೆ: ಬಾಯಿ ಬಿಗಿಯಿರುವ ಒಬ್ಬ ಹಿರಿಯರ ಮುಂದೆ ಹೇಳಿಕೊಂಡು ಜತೆಗೆ ಪ್ರಾರ್ಥಿಸುವುದು.

ಪಾಸ್ಕಕ್ಕೆ ಮುಂಚಿನ ತಪಸ್ಸುಕಾಲದ ಉಪವಾಸ 18ರಿಂದ 59 ವರ್ಷದವರಿಗೆ, ಮಾಂಸವರ್ಜನೆ 14 ತುಂಬಿದವರಿಗೆ. ಸಕ್ಕರೆ ಕಾಯಿಲೆಯವರು, ಬಸುರಿಯರು ಹಟ ಮಾಡಬಾರದು. ಮೀನು ಬಿಟ್ಟು ಸಿಟ್ಟು ಬಿಡದಿದ್ದರೆ ಅಡುಗೆಮನೆಯವರಿಗಷ್ಟೇ ಗೊತ್ತಾಗುತ್ತದೆ.

ಮನಸ್ಸು ಒಣಗಿದಾಗ, ಮನೆಯಲ್ಲಿ ಒಬ್ಬರೇ ಇದ್ದಾಗ

ಮೂರನೆಯ ತಿಂಗಳ ಹೊತ್ತಿಗೆ ಎಲ್ಲ ಒಣಗಿದಂತೆ ಅನ್ನಿಸುವುದು ಸಾಮಾನ್ಯ. ಹೊಸತನ ಹೋಗಿರುತ್ತದೆ, ಫಲ ಕಂಡಿರುವುದಿಲ್ಲ. ಆಗ ಹೊತ್ತನ್ನು ಹೆಚ್ಚಿಸಬೇಡಿ, ಬಿಡಲೂ ಬೇಡಿ, ಅಷ್ಟಕ್ಕೇ ಅಂಟಿಕೊಳ್ಳಿ. ಹೇಳಲು ಮಾತಿಲ್ಲದಿದ್ದರೆ 13ನೇ ಕೀರ್ತನೆ ಓದಿ. ಎಷ್ಟು ಕಾಲ ನನ್ನನ್ನು ಮರೆತಿರುತ್ತೀ ಎಂದು ದೇವರನ್ನೇ ಕೇಳುವ ಕೀರ್ತನೆ ಅದು. 88ನೆಯದು ಇನ್ನೂ ಕತ್ತಲೆಯದು. ಅದೂ ಪ್ರಾರ್ಥನೆಯೇ ಎಂದು ಬೈಬಲಿನೊಳಗೇ ಇಟ್ಟಿದ್ದಾರೆ. ಆದರೆ ಊಟ, ನಿದ್ದೆ ಎರಡೂ ವಾರಗಟ್ಟಲೆ ಕೆಟ್ಟು, ಬದುಕೇ ಬೇಡ ಅನ್ನಿಸುತ್ತಿದ್ದರೆ ಅದು ಭಕ್ತಿಯ ಕೊರತೆಯಲ್ಲ, ವೈದ್ಯರಿಗೆ ತೋರಿಸಬೇಕಾದ ಕಾಯಿಲೆ. ಜಪಸರ ಕೈಯಲ್ಲಿರಲಿ, ಮಾತ್ರೆಯೂ ನಡೆಯಲಿ.

ಮಳೆಗಾಲದ ಜ್ವರ, ಮದುವೆ, ಕೊಯ್ಲಿನ ಗಡಿಬಿಡಿಯಲ್ಲಿ ಕ್ರಮ ಮುರಿಯುತ್ತದೆ. ಬಿಟ್ಟುಹೋದ ದಿನಗಳದ್ದನ್ನೆಲ್ಲ ಒಟ್ಟಿಗೆ ಮಾಡಿ ತೀರಿಸಲು ಹೋಗಬೇಡಿ, ಸಾಲ ತೀರಿಸಿದಂತಾಗಿ ಪ್ರಾರ್ಥನೆಯೇ ಭಾರವಾಗುತ್ತದೆ. ಅಂದಿನ ಹನ್ನೆರಡು ನಿಮಿಷದಿಂದ ಮತ್ತೆ ಶುರುಮಾಡಿ.

ಎಲ್ಲಕ್ಕಿಂತ ಹೆಚ್ಚಾಗಿ ಕೇಳಿಬರುವ ಕಷ್ಟ, ಮನೆಯಲ್ಲಿ ಒಬ್ಬರಿಗೆ ಮಾತ್ರ ಮನಸ್ಸಿರುವುದು. ಹೆಂಡತಿ ಮೊಣಕಾಲೂರಿದಾಗ ಗಂಡ ಜಗಲಿಯಲ್ಲಿ ಬೀಡಿ ಹಚ್ಚುತ್ತಾನೆ, ಅಥವಾ ತಂದೆ ಕರೆದರೂ ಕಾಲೇಜಿನ ಮಗ ಕೋಣೆಯಿಂದ ಹೊರಗೆ ಬರುವುದಿಲ್ಲ. ಕೂಗಿ ಕರೆಯಬೇಡಿ. ಚಾವಡಿಯಲ್ಲಿ, ಅದೇ ಹೊತ್ತಿಗೆ, ಬಾಗಿಲು ತೆರೆದಿಟ್ಟು, ಅವರಿಗೆ ಕೇಳುವಷ್ಟು ದನಿಯಲ್ಲಿ ಒಬ್ಬರೇ ಮಾಡಿ. ವಾರಕ್ಕೊಮ್ಮೆ ಅವರಿಗೊಂದು ಸಣ್ಣ ಕೆಲಸ ಕೊಡಿ: ‘ಕಣ್ಣಡಕ ಸಿಗುತ್ತಿಲ್ಲ, ಈ ನಾಲ್ಕು ವಾಕ್ಯ ಓದಿಕೊಡು ಮಗ’, ‘ಮೇಣದಬತ್ತಿ ಮುಗಿದಿದೆ, ಪೇಟೆಯಿಂದ ತನ್ನಿ’. ಓದಿಕೊಟ್ಟು ಎದ್ದುಹೋದರೆ ಹೋಗಲಿ, ಕೂರು ಎನ್ನಬೇಡಿ. ಮುಗಿದ ಮೇಲೆ ನೀವು ಏಳುವಾಗ ಎಂದಿಗಿಂತ ಸ್ವಲ್ಪ ಮೆದುವಾಗಿ ಮಾತಾಡಿ, ಊಟ ಬಡಿಸಿ. ಪ್ರಾರ್ಥನೆ ಮುಗಿಸಿ ಎದ್ದವರು ನೇರ ಜಗಳಕ್ಕೆ ಇಳಿಯುವುದನ್ನು ಕಂಡೇ ಅವರಲ್ಲಿ ಹಲವರು ದೂರ ಕೂತಿರುತ್ತಾರೆ.